ನನ್ನ ಜಠರದ ಒಳಪದರವೂ ಮಗಳ ಓಲೆಯೂ

"ಬೀಗರ ಮುಂದೆ ಒಂದು ಲೋಟವನ್ನೂ ಬಿಡುವುದಿಲ್ಲ, ಒಂದು ಮಾತೂ ತೊದಲುವುದಿಲ್ಲ!"

ಇಸಿಕ್‌ಕುಲ್ ಸರೋವರದ ದಡದಲ್ಲಿ ಹೀಗೆ ಪ್ರತಿಜ್ಞೆ ಮಾಡಿದ ಗಂಡುಗಲಿ ಯಾರು? ನಾನೇ, ತೊಕ್ತೊಸುನ್. ವಯಸ್ಸು ಐವತ್ತೆರಡು. ಬುದ್ಧಿಯ ವಯಸ್ಸನ್ನು ಕೊನೆಯಲ್ಲಿ ನೀವೇ ಹೇಳಿ.

ಹೋದ ವರ್ಷ ಹೊಟ್ಟೆಹುಣ್ಣಾಗಿ ಮಲಗಿದ್ದಾಗ, ಇನ್ನು ವೋಡ್ಕಾ ಮುಟ್ಟುವುದಿಲ್ಲವೆಂದು ರೊಟ್ಟಿ ಮುಟ್ಟಿ ಹೆಂಡತಿ ಬುರುಲ್‌ಗೆ ಆಣೆ ಇಟ್ಟಿದ್ದೆ. ಆದರೆ ಮಗಳು ಜಿಯ್ದೆಗುಲ್‌ಗೆ ಓಲೆ ತೊಡಿಸಿ ಸಂಬಂಧ ನಿಶ್ಚಯಿಸಲು ಗಂಡಿನ ಕಡೆಯವರು ಬರುವ ದಿನವೇ ಪತ್ರಿಕೆಯಲ್ಲಿ ನನಗೊಂದು ಹೆದ್ದಾರಿ ಕಂಡಿತು!

"ನೋಡೇ! ನಮ್ಮ ಬೇಲೀಲಿರೋ ಚಿಚಿರ್ಕಾನಾಕ್ ಹಣ್ಣಲ್ಲಿ ಆಂಟಿಆಕ್ಸಿಡೆಂಟ್ ಅಂತ ಇದೆಯಂತೆ. ಇಲಿಗಳಿಗೆ ಮೊದಲು ಹಣ್ಣಿನ ಸಾರ ಕುಡಿಸಿ, ಆಮೇಲೆ ಮದ್ಯ ಕುಡಿಸಿದ್ರಂತೆ. ಜಠರದ ಒಳಪದರಕ್ಕೆ ಗಾಯ ಕಡಿಮೆಯಂತೆ!"

"ಕುಡಿದ ಮೇಲೆ ಆ ಇಲಿಗಳು ಬೀಗರ ಜೊತೆ ಕೂತು ಮಾತಾಡಿದ್ವಾ?"

"ವಿಜ್ಞಾನ ನಿನಗೆಲ್ಲಿ ಗೊತ್ತಾಗುತ್ತೆ!"

"ಆಣೆ ಇಟ್ಟಿದ್ದು ಗೊತ್ತು. ಇವತ್ತು ಮಗಳ ಮರ್ಯಾದೆ ನಿಮ್ಮ ಕೈಲಿದೆ ರೀ."

ಅವಳು ಅಡುಗೆಮನೆಗೆ ತಿರುಗಿದ್ದೇ ತಡ, ನೆಲಮಾಳಿಗೆಗೆ ಇಳಿದೆ. ಚಳಿಗಾಲಕ್ಕೆಂದು ಅವಳು ಹಣ್ಣಿನ ರಸ ತುಂಬಿಟ್ಟಿದ್ದ ಮೂರು ಲೀಟರಿನ ಜಾಡಿ ಅರ್ಧ ಖಾಲಿ! ಗಡ್ಡವೆಲ್ಲ ಕಿತ್ತಳೆ ಬಣ್ಣ. ಹೀಗೆ ಒಳಪದರದ ಸುತ್ತ ಕೋಟೆ ಕಟ್ಟಿ, ಕಂದಕ ತೋಡಿ, ಬೀಗರನ್ನು ಎದುರುಗೊಂಡೆ.

ಅವರು ಲೋಟ ಎತ್ತಿದಾಗಲೆಲ್ಲ ನಾನೂ ಎತ್ತಿದೆ. ನಾಲ್ಕನೆಯದಕ್ಕೆ ಬುರುಲ್ ನನ್ನ ಕಾಲು ತುಳಿದಳು. ಆರನೆಯದರ ಹೊತ್ತಿಗೆ ನನಗೆ ಕಾಲುಗಳಿರುವುದೇ ಮರೆತುಹೋಗಿತ್ತು! ಕೋಟೆಯೇನೋ ಭದ್ರವಾಗಿತ್ತು, ಶತ್ರು ಮಾತ್ರ ಹೊಟ್ಟೆಯನ್ನು ಬಿಟ್ಟು ನೇರ ತಲೆಗೇ ಏರಿದ್ದ.

ಆಗ ಬೇಯಿಸಿದ ಕುರಿಯ ತಲೆ ಬಂತು. ಹಿರಿಯರೆಂದು ವರನ ಅಜ್ಜ ಸಾತಿಬಾಲ್ದಿಯವರ ಮುಂದಿಟ್ಟೆವು. ಕುರಿಯ ಕಿವಿ ಮಕ್ಕಳ ಪಾಲು. ಅದನ್ನು ತಿಂದ ಮಕ್ಕಳು ಹೇಳಿದ ಮಾತು ಕೇಳುತ್ತಾರೆಂದು ನಮ್ಮವರ ನಂಬಿಕೆ. ಪಕ್ಕದ ತಟ್ಟೆಯಲ್ಲಿ ವರನ ತಾಯಿ ತಂದ ಬೆಳ್ಳಿಯ ಓಲೆಗಳು.

ನನ್ನೊಳಗಿನ ತಂದೆ ಉಕ್ಕಿ ಎದ್ದ. ಓಲೆಗಳನ್ನು ಎತ್ತಿಕೊಂಡೆ. ಎದುರಿಗಿದ್ದ ಎರಡು ಕಿವಿಗಳಿಗೂ ಪ್ರೀತಿಯಿಂದ ಸಿಕ್ಕಿಸಿದೆ. ಅಂಗೈ ಚಾಚಿ ಹರಸಿದೆ: "ಹೋದ ಮನೆ ಬೆಳಗಲಿ ಮಗಳೇ! ಅಯ್ಯೋ ಕಂದಾ, ಎಷ್ಟು ಸೊರಗಿದ್ದೀಯೇ!"

ಮನೆಯೆಲ್ಲ ನಿಶ್ಶಬ್ದ. ಕುರಿಯೂ ಮಾತಾಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಜಿಯ್ದೆಗುಲ್ ಮುಖ ಮುಚ್ಚಿಕೊಂಡಳು. ಅವಳ ಬೆರಳ ಸಂದಿಯಿಂದ ಕಣ್ಣೀರು ಇಳಿಯುವುದು ಕಂಡಿತು ನೋಡಿ, ನನ್ನ ಅಮಲೆಲ್ಲ ಜರ್ರನೆ ಇಳಿದುಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಈ ಸಂಬಂಧ..." ಎಂದು ವರನ ತಾಯಿ ಎದ್ದರು.

ಅಜ್ಜ ಕೈಯೆತ್ತಿ ತಡೆದರು. "ಕೂತ್ಕೋಮ್ಮ. ಹುಡುಗಿ ಏನು ತಪ್ಪು ಮಾಡಿದ್ಲು? ನೀನು ಬಾ ಮಗಳೇ." ಓಲೆಗಳನ್ನು ಬಿಡಿಸಿ, ಜಿಡ್ಡು ಒರೆಸಿ ವರನ ತಾಯಿಯ ಕೈಗಿತ್ತರು. ಆಕೆ ನಿಟ್ಟುಸಿರು ಬಿಟ್ಟು ಜಿಯ್ದೆಗುಲ್‌ಗೆ ತೊಡಿಸಿದರು.

ಬದುಕಿದೆ ಅಂದುಕೊಂಡೆ! ಅಜ್ಜ ಚಾಕು ಹಿಡಿದು ಕುರಿಯ ಕಿವಿ ಕೊಯ್ದರು. ಮಕ್ಕಳೆಲ್ಲ ಕೈಚಾಚಿದರು. ಅಜ್ಜ ಆ ಕೈಗಳನ್ನೆಲ್ಲ ದಾಟಿ ಕಿವಿಯನ್ನು ನನ್ನ ಅಂಗೈಯಲ್ಲಿಟ್ಟರು.

"ತಿನ್ನಪ್ಪ ಮಗು. ಇನ್ನಾದ್ರೂ ಹೆಂಡ್ತಿ ಮಾತು ಕೇಳು."

ತಲೆ ತಗ್ಗಿಸಿ ತಿಂದೆ. ಬುರುಲ್ ಮೆಲ್ಲನೆ ಎರಡನೆಯ ಕಿವಿಯನ್ನೂ ನನ್ನ ತಟ್ಟೆಗೆ ತಳ್ಳಿದಳು.

"ಇದನ್ನೂ ತಿನ್ನಿ ರೀ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋ ಗಿರಾಕಿ ನೀವು!"