ವೆಂಡೆಲ್‌ನ ನಿಲ್ಲದ ಅಂಕೆ

ಅವತ್ತಿನ ರಗಳೆಗೆಲ್ಲ ಕಾರಣ ಒಂದು ಅಂಕೆ. ತಕ್ಕಡಿಯ ಪುಟ್ಟ ಪರದೆಯ ಮೇಲಿನ ಆ ಕೊನೆಯ ಅಂಕೆ, ಕುರ್ಚಿಯಲ್ಲಿ ಕೂರಲೊಲ್ಲದ ಮಗುವಿನ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು.

ಮೊಂಟಾನಾದ ಆ ಪುಟ್ಟ ಊರಿನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತನಾದ ವೆಂಡೆಲ್ ಆಸ್ಟ್‌ಬಿ ಹನ್ನೊಂದು ವರ್ಷದಿಂದ ಕ್ಲಬ್ಬಿನ ಬಂದೂಕಿನಿಂದ ಗುರಿ ಹೊಡೆಯುವ ಪಂದ್ಯದಲ್ಲಿ ಬರಿಗೈಲಿ ವಾಪಸಾಗುತ್ತಿದ್ದ. ತಪ್ಪು ಕಣ್ಣಿನದಲ್ಲ, ಅಂಗಡಿ ತೋಟಾಗಳದ್ದು ಎಂದು ಅವನ ನಂಬಿಕೆ. ಈ ಸಲ ಮನೆಯಲ್ಲೇ ತೋಟಾ ತುಂಬಲು, ಗುಂಡಿ ಒತ್ತಿದರೆ ಸಿಡಿಮದ್ದನ್ನು ತಾನೇ ತೂಗಿ ಸುರಿಯುವ ಈ ತಕ್ಕಡಿ ಯಂತ್ರ ತಂದಿದ್ದ. ಹಿಡಿಸದಿದ್ದರೆ ಸಂಜೆಯೊಳಗೆ ಹಿಂದಿರುಗಿಸಬೇಕು. ಪಂದ್ಯ ಮಧ್ಯಾಹ್ನ ಎರಡಕ್ಕೆ.

ಪಕ್ಕದ ಮನೆಯ ಮರ್ಲ್, ಒಂದು ಕಾಲದ ಔಷಧಿ ಅಂಗಡಿಯವ, ತನ್ನ ಹಳೆಯ ತಟ್ಟೆ ತಕ್ಕಡಿಯನ್ನು ಹಸುಗೂಸಿನಂತೆ ಅಪ್ಪಿಕೊಂಡು ಬಂದ. "ಕರೆಂಟಿನ ಮಾತು ಯಾಕೆ ಕೇಳ್ತೀಯೋ? ಭೂಮಿ ಎಳೆಯೋದನ್ನ ನಂಬು."

ಅದೇ ಪಂದ್ಯಕ್ಕೆ ಹೆಸರು ಕೊಟ್ಟಿದ್ದ ಎದುರು ಮನೆಯ ಥೆಲ್ಮಾ ಕಾಫಿ ಲೋಟ ಹಿಡಿದೇ ಬಂದಳು. "ನಾನು ಅಳತೆ ಚಮಚದಲ್ಲಿ ತುಂಬ್ತೀನಪ್ಪ. ಇಲ್ಲಿವರೆಗೂ ನಾನು ಹೊಡೆದ ಯಾವ ಕಡವೆಯೂ ತೂಕ ಕೇಳಿಲ್ಲ."

"ಅಂಕೆ ನಿಲ್ತಿಲ್ಲ," ಎಂದ ವೆಂಡೆಲ್ ಬೆವರೊರೆಸುತ್ತ.

"ಗಾಳಿ ಕಣೋ," ಎಂದ ಮರ್ಲ್. ಫ್ಯಾನು ನಿಂತಿತು. ಅಂಕೆ ನಿಲ್ಲಲಿಲ್ಲ. ಫ್ರೀಜರ್ ನಡುಗುತ್ತದೆಂದು ಅದರ ಪ್ಲಗ್ಗೂ ಹೋಯಿತು. ಫೋನುಗಳು ಅಂಗಳ ಸೇರಿದವು. ಕೊನೆಗೆ ಮೂವರೂ ಉಸಿರು ಬಿಗಿಹಿಡಿದು, ಕೆನ್ನೆಯುಬ್ಬಿಸಿ ಯಂತ್ರದ ಸುತ್ತ ಬಗ್ಗಿದರು. ಅಂಕೆ ನಿಂತಿತು.

ಆಗಲೇ ಬಾಗಿಲು ದಡಾರನೆ ತೆರೆಯಿತು. "ರೀ, ಫ್ರೀಜರ್ ಯಾರು ಆರಿಸಿದ್ದು?" ಎಂದಳು ಹೆಂಡತಿ ಲೋರ್ನಾ. ವೆಂಡೆಲ್ ಬೆಚ್ಚಿದ, ಯಂತ್ರದ ಮೇಲಿನ ಬಟ್ಟಲು ಮಗುಚಿತು, ಮದ್ದೆಲ್ಲ ನೆಲದ ಪಾಲು.

"ಗುಡಿಸಿ. ಅದರ ಹತ್ರ ಯಾರಾದ್ರೂ ಬೆಂಕಿ ತಂದ್ರೆ ನಾನಿರಲ್ಲ," ಎಂದು ಅವಳು ಪ್ಲಗ್ ಸಿಕ್ಕಿಸಿ ಹೋದಳು.

ಗುಡಿಸಿ, ಮತ್ತೆ ಶುರುಮಾಡಿದರು. ಯಂತ್ರ ಸುರಿದದ್ದನ್ನು ಮರ್ಲ್‌ನ ತಕ್ಕಡಿಗೆ ಹಾಕುವುದು, ಎರಡೂ ಒಪ್ಪಿದರಷ್ಟೇ ತೋಟಾಕ್ಕೆ ತುಂಬುವುದು. ಊಟ ಬಿಟ್ಟು, ಸೊಂಟ ಹಿಡಿದು, ಒಂದೂವರೆಗೆ ಹತ್ತು ತೋಟಾ ಸಿದ್ಧವಾದವು.

ಮೈದಾನದಲ್ಲಿ ವೆಂಡೆಲ್ ಸಾವಧಾನವಾಗಿ ಗುರಿ ಹಿಡಿದ. ಹತ್ತೂ ಹೊಡೆದು ದುರ್ಬೀನಿನಲ್ಲಿ ನೋಡಿದ. ನಟ್ಟನಡುವೆ ಹತ್ತು ತೂತು, ಒಂದು ನಾಣ್ಯದಿಂದ ಮುಚ್ಚುವಷ್ಟು ಹತ್ತಿರ. ಅವನಿಗೆ ಕಣ್ಣು ತುಂಬಿಬಂತು. ಮರ್ಲ್ ಬೆನ್ನು ತಟ್ಟಿದ.

ತೀರ್ಪುಗಾರ ಗುರಿ ಹಲಗೆಗಳನ್ನು ನೋಡಿ ಬಂದು ಕೆಮ್ಮಿದ. "ವೆಂಡೆಲಣ್ಣ, ನಿಂದು ಏಳನೇ ಹಲಗೆ. ಅದರಲ್ಲಿ ಒಂದು ಗೀರೂ ಇಲ್ಲ. ನೀನು ಹೊಡೆದದ್ದು ಎಂಟಕ್ಕೆ."

ಎಂಟು ಥೆಲ್ಮಾಳದು. ಅದರಲ್ಲಿ ಈಗ ಇಪ್ಪತ್ತು ತೂತು: ನಡುವೆ ಹತ್ತು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ ಹತ್ತು. ಒಂದೇ ಹಲಗೆಯಲ್ಲಿ ತೂತು ಹೆಚ್ಚಿ, ಯಾರದ್ದು ಯಾವುದೆಂದು ತಿಳಿಯದಿದ್ದರೆ, ಹಲಗೆಯವರಿಗೆ ಒಳ್ಳೆಯ ಹತ್ತನ್ನು ಎಣಿಸಬೇಕೆಂಬುದು ಕ್ಲಬ್ಬಿನ ನಿಯಮ.

ಬಹುಮಾನದ ಬೆಳ್ಳಿ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು ಥೆಲ್ಮಾ ಬಂದು ಅವನ ಭುಜದ ಮೇಲೆ ಕೈಯಿಟ್ಟಳು.

"ಬೇಜಾರು ಮಾಡ್ಕೋಬೇಡ ಮಾರಾಯ," ಎಂದಳು. "ಮುಂದಿನ ವರ್ಷಾನೂ ನನ್ನ ಪಕ್ಕದಲ್ಲೇ ನಿಂತ್ಕೋ."