ಮೋಡಕ್ಕೆ ಅಡ್ಡ ನಿಂತವರು

ಮೋಡದ ಫೋಟೊ ತೆಗೆಯುವವನು ಆಕಾಶ ನೋಡಿಕೊಂಡೇ ನಡೆಯುತ್ತಾನೆ. ಹಾಗಾಗಿ ನೆಲದ ಮೇಲೆ ಅವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಮೂವತ್ತು ವರ್ಷದಿಂದ ಆಗುತ್ತಿದೆ. ಚಿತ್ರದುರ್ಗದಲ್ಲಿ ನನ್ನದೊಂದು ಸ್ಟುಡಿಯೊ. ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಹುಚ್ಚಿಗೆ ಮೋಡ. ನಮ್ಮ ಕಡೆಯ ಮೋಡಗಳ ಸ್ವಭಾವ ಗೊತ್ತಲ್ಲ. ಆಷಾಢದಲ್ಲಿ ದಂಡು ಕಟ್ಟಿಕೊಂಡು ಬರುತ್ತವೆ, ದರ್ಶನ ಕೊಡುತ್ತವೆ, ಪ್ರಸಾದ ಮಾತ್ರ ಮುಂದಿನ ಊರಿಗೆ. ಫೋಟೊದವನಿಗೆ ದರ್ಶನ ಸಾಕು.

ಈಗ ಇದೆಲ್ಲ ನೆನಪಾಗಲು ಕಾರಣ ನನ್ನ ಮಗಳು. ಹೊಳಲ್ಕೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶಕ್ಕೆ ಹತ್ತು ದಿನ ಇರುವಾಗ ಫೋನ್ ಮಾಡಿ, "ಅಪ್ಪ, ನೀನೂ ಅಮ್ಮನೂ ಒಟ್ಟಿಗಿರೋದು ಒಂದು ಫೋಟೊ ಬೇಕು. ಈಗಿಂದಲ್ಲ, ನೀವು ವಯಸ್ಸಿನಾಗೆ ಇದ್ದಾಗಿಂದು. ಹಾಲ್‌ನಾಗೆ ಮೊಳೆ ಹೊಡೆಸಿಬಿಟ್ಟೀನಿ" ಎಂದಳು. ಊರವರಿಗೆಲ್ಲ ಜೋಡಿ ಫೋಟೊ ತೆಗೆದುಕೊಟ್ಟ ನಾನು "ಅದಕ್ಕೇನಂತೆ" ಎಂದೆ. ಫೋನ್ ಇಟ್ಟ ಮೇಲೆ ಹೊಳೆಯಿತು. ಅಂಥ ಫೋಟೊ ಮನೆಯಲ್ಲಿ ಒಂದೂ ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದೇ ದೊಡ್ಡ ಕಥೆ.

ನಲವತ್ತೆರಡು ಫೋಟೊದ ಮದುವೆ

ಹೊಸದುರ್ಗದ ಹತ್ತಿರದ ಬಾಗೂರು ನನ್ನ ಹೆಂಡತಿಯ ತವರು. ಮದುವೆ ಅಲ್ಲೇ ಆಯಿತು. ನನಗೆ ಕೆಲಸ ಕಲಿಸಿದ ಸ್ಟುಡಿಯೊದ ಯಜಮಾನರು, ಅಂದರೆ ನನ್ನ ಗುರುಗಳು, "ನನ್ನ ಶಿಷ್ಯನ ಮದುವೆಗೆ ಬೇರೆಯವ್ರು ಕ್ಯಾಮೆರಾ ಹಿಡಿಯಂಗಿಲ್ಲ" ಎಂದು ತಾವೇ ಬಂದಿದ್ದರು. ಆಗ ರೋಲಿನ ಕಾಲ. ಒಂದು ರೋಲಿಗೆ ಮೂವತ್ತಾರು ಫೋಟೊ, ಕೈ ಬಿಗಿಯಿದ್ದರೆ ಮೂವತ್ತೆಂಟು. ಧಾರೆ ಮುಗಿದ ಮೇಲೆ ಗುರುಗಳು ನನ್ನ ಕಿವಿಯ ಹತ್ತಿರ ಬಂದು, "ಲೇ, ನೋಡ್ಕ. ಒಂದೇ ರೋಲಿನಾಗೆ ನಲವತ್ತೆರಡು ಹೊಡ್ದೀನಿ. ಕೈ ಅಂದ್ರೆ ಇದು!" ಎಂದರು.

ನಲವತ್ತೆರಡು ಎಂದಾಗಲೇ ನನಗೆ ಗೊತ್ತಾಗಬೇಕಿತ್ತು. ಆದರೆ ನಾನು ಮದುಮಗ. ಸಾಲದ್ದಕ್ಕೆ ಚಪ್ಪರದ ಸಂದಿಯಲ್ಲಿ ಒಂದು ಒಳ್ಳೆಯ ಮೋಡ ಕಾಣುತ್ತಿತ್ತು. ಗಡಿಬಿಡಿಯಲ್ಲಿ ಹಾಕಿದ ರೋಲಿನ ತುದಿ ಕ್ಯಾಮೆರಾದ ಒಳಗಿನ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಗುರುಗಳು ತಿರುಗಿಸಿದ್ದಾರೆ, ಒತ್ತಿದ್ದಾರೆ. ರೋಲು ಕುಂತಲ್ಲೇ ಕುಂತಿತ್ತು. ತೊಳೆದಾಗ ಗಾಜಿನ ಹಾಗೆ ಶುಭ್ರವಾಗಿ ಬಂತು.

ಗುರುಗಳ ಮರ್ಯಾದೆ ಉಳಿಸಲು ಸುದ್ದಿ ನಾಲ್ಕೇ ಜನರಲ್ಲಿ ಉಳಿಯಿತು. ನೆಂಟರಿಗೆಲ್ಲ "ಫೋಟೊ ಬರ್ತಾವೆ, ಬರ್ತಾವೆ" ಎಂದು ಹೇಳುತ್ತಾ ಬಂದೆವು. ತಲೆ ತಗ್ಗಿಸಿ ಕೂತ ಗುರುಗಳನ್ನು ಸಮಾಧಾನ ಮಾಡಿದವರು ನನ್ನ ಮಾವನೇ. "ಹೋಗ್ಲಿ ಬಿಡ್ರಿ. ಅವ್ರಿಗೆ ಹುಡುಗಿನೇ ಕೊಟ್ಟೀವಿ, ಇನ್ನು ಫೋಟೊ ತಗಂಡು ಏನ್ಮಾಡ್ತಾರೆ?"

ಒಬ್ಬನೇ ರಾಜ

ಆ ನಾಚಿಕೆಗೋ ಏನೋ, ಗುರುಗಳು ಆಮೇಲೆ ನನಗೆ ತಮ್ಮ ವಿದ್ಯೆಯನ್ನೆಲ್ಲ ಧಾರೆ ಎರೆದರು. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಎರಡು ತುಂಡು ಕತ್ತರಿಸಿ, ಎದುರುಬದುರಾಗಿ ಫೋಟೊದ ಮೇಲೆ ಚೌಕಟ್ಟಿನಂತೆ ಇಟ್ಟು ಹಿಂದೆ ಮುಂದೆ ಸರಿಸುತ್ತಾ ಹೇಳುತ್ತಿದ್ದರು: "ಸೂರ್ಯ ಬೆನ್ನಿಗಿರಬೇಕು. ನಿನ್ನ ನೆರಳು ಒಳಗೆ ಬಂದ್ರೆ ಕತ್ತರಿಸು. ಫೋಟೊಕ್ಕೆ ಒಬ್ಬನೇ ರಾಜ. ಮೋಡ ರಾಜ ಆದ್ರೆ ಮಿಕ್ಕಿದ್ದೆಲ್ಲ ಕತ್ತರಿಸು."

ಇನ್ನೊಂದು ಮಾತನ್ನೂ ಹೇಳಿದ್ದರು. ಮೋಡ ಎಷ್ಟು ದೊಡ್ಡದೆಂದು ಗೊತ್ತಾಗಬೇಕಾದರೆ ಕೆಳಗೆ ಯಾರಾದರೂ ಸಣ್ಣಗೆ ನಿಂತಿರಬೇಕು. ಆ ಯಾರಾದರೂ ನನ್ನ ಹೆಂಡತಿಯೇ ಆದಳು. ಭಾನುವಾರ ಸಂಜೆ ಸ್ಕೂಟರಿನಲ್ಲಿ ಕ್ಯಾಮೆರಾ, ಟ್ರೈಪಾಡು, ಒಂದು ಪೊಟ್ಟಣ ಮಂಡಕ್ಕಿ, ಹಿಂದೆ ಅವಳು. ಚಂದ್ರವಳ್ಳಿಯ ಕೆರೆ, ಜೋಗಿಮಟ್ಟಿ ಬೆಟ್ಟ, ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, ಎಲ್ಲಿ ಮೋಡ ಎದ್ದರೆ ಅಲ್ಲಿ ನಾವು. ಆ ಭಾನುವಾರಗಳನ್ನು ನೆನೆದರೆ ಈಗಲೂ ಮೈಗೆ ಆ ಗಾಳಿ ತಾಗುತ್ತದೆ.

ಮಾರಿಕಣಿವೆಯ ದಂಡೆಯಲ್ಲಿ ಒಮ್ಮೆ, "ಇನ್ನೂ ಸ್ವಲ್ಪ ಎಡಕ್ಕೆ ಹೋಗು" ಎಂದೆ.

"ಇನ್ನೂ ಹೋದ್ರೆ ನೀರಿಗೆ ಬೀಳ್ತೀನಿ ಕಣ್ರಿ!"

"ಆಮೇಲೆ ಬೀಳುವಂತೆ, ಮೋಡ ಕರಗ್ತೈತೆ."

ತೆಗೆಯುವಾಗ ನನಗೆ ಅಳತೆ ನೆನಪಾಗುತ್ತಿತ್ತು, ಕತ್ತರಿಸುವಾಗ ರಾಜ ನೆನಪಾಗುತ್ತಿದ್ದ. ಲ್ಯಾಬಿನಿಂದ ಬಂದ ಪ್ರಿಂಟನ್ನು ಮನೆಯ ಹಜಾರದಲ್ಲಿ ಕೂತು, ಸ್ಕೇಲಿಟ್ಟು, ಬ್ಲೇಡಿನಿಂದ ಸರ್ರನೆ ಎಳೆದುಬಿಡುತ್ತಿದ್ದೆ. ಹೊಸ ಸೀರೆ ಉಟ್ಟು ಕ್ಯಾಮೆರಾ ಮುಂದೆ ನಿಂತಿದ್ದವಳು ಒಮ್ಮೆ ಫೋಟೊ ಕೈಗೆ ತೆಗೆದುಕೊಂಡು, "ಇದ್ರಾಗೆ ನಾನೆಲ್ಲಿ?" ಎಂದಳು.

"ನೀನು ಅಳತೆಗೆ ನಿಂತಿದ್ದು. ಅಳತೆ ಮುಗಿದ ಮೇಲೆ ಟೇಪನ್ನ ಬಟ್ಟೆಯೊಳಗೆ ಇಟ್ಟು ಹೊಲೀತಾರೇನು?"

"ಹಂಗಾದ್ರೆ ಬರೋ ವಾರ ಟೇಪನ್ನೇ ಹಿಂದೆ ಕೂರಿಸ್ಕಂಡು ಹೋಗ್ರಿ."

ಯಲ್ಲದಕೆರೆಯ ಕುರಿಗಳು

ಯಲ್ಲದಕೆರೆ ಕಡೆ ಒಂದು ಸಂಜೆ ಕಂಡ ಮೋಡವನ್ನು ಹೇಗೆ ಹೇಳಲಿ. ಕೋಟೆಯ ಬುರುಜಿನ ಹಾಗೆ ಎದ್ದು ನಿಂತಿತ್ತು. ಕೆಳಗೆ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಮಂದೆಯ ಸಮೇತ ನಿಂತಿದ್ದ. "ಯಜಮಾನ, ಅಲ್ಲಾಡಬೇಡ, ಫೋಟೊ ತಂದು ಕೊಡ್ತೀನಿ" ಎಂದೆ. ಪಾಪ, ಕಾಲು ಗಂಟೆ ಉಸಿರು ಬಿಗಿಹಿಡಿದು ನಿಂತ. ಕುರಿಗಳನ್ನೂ ಗದರಿಸಿ ನಿಲ್ಲಿಸಿದ.

ಕೊಟ್ಟ ಮಾತಿನಂತೆ ಮುಂದಿನ ತಿಂಗಳು ಫೋಟೊ ಕೊಂಡೊಯ್ದೆ. ಹೆಂಡತಿಯೂ ಜೊತೆಗಿದ್ದಳು. ಅವನು ಕೈ ಒರೆಸಿಕೊಂಡು ಹಿಡಿದು ನೋಡಿದ. ಬರೀ ಮೋಡ. ತಿರುಗಿಸಿ ಹಿಂಬದಿ ನೋಡಿದ. ಬರೀ ಬಿಳಿ.

"ಸಾಮಿ, ನಾನು ಎಲ್ಲಿವ್ನಿ?"

"ಮೋಡ ಚೆನ್ನಾಗಿ ಬಂದಿತ್ತು, ಅದಕ್ಕೆ..."

"ಮೋಡ ದಿನಾ ನೋಡ್ತೀನಿ. ನನ್ನ ಕುರಿ?" ಎಂದವನು ಹಟ್ಟಿಯ ಕಡೆ ತಿರುಗಿ ತನ್ನ ಹೆಂಡತಿಗೆ ಕೂಗಿ ಹೇಳಿದ: "ಬಾರೇ ಇಲ್ಲಿ! ನಾನು ಕುರಿ ಕಳಕಂಡು ಬತ್ತೀನಿ ಅಂತ ಬೈತಿದ್ಯಲ್ಲ, ಇಲ್ನೋಡು, ಇವ್ರು ಕುರಿ ಜೊತೆಗೆ ನನ್ನೂ ಕಳದವ್ರೆ!"

ಅದರ ಮುಂದಿನ ವಾರ ನನ್ನ ಹೆಂಡತಿ ಎಲ್ಲಿಂದಲೋ ಆ ಫೋಟೊದಿಂದ ನಾನು ಕತ್ತರಿಸಿದ್ದ ಕೆಳಗಿನ ಪಟ್ಟಿ ತಂದು, "ಇದನ್ನ ಅವನಿಗೆ ಮುಟ್ಟಿಸ್ರಿ" ಎಂದಳು. ಕುರಿ, ಕಂಬಳಿ, ಮನುಷ್ಯ ಎಲ್ಲ ಅದರಲ್ಲಿ ಕ್ಷೇಮವಾಗಿದ್ದರು. ಕಸಕ್ಕೆ ಹೋದದ್ದು ಇವಳ ಹತ್ತಿರ ಹೇಗೆ ಬಂತೆಂದು ನಾನು ಕೇಳಲೇ ಇಲ್ಲ.

ತಲೆ ಯಾವುದು, ಕಾಲು ಯಾವುದು

ಕತ್ತರಿಸುವ ಚಟ ಏರುತ್ತಾ ಹೋಗಿ ಒಂದು ಫೋಟೊದಲ್ಲಿ ದಿಗಂತದ ಗೆರೆಯನ್ನೂ ಉಳಿಸದೆ ತೆಗೆದುಬಿಟ್ಟೆ. ಅದನ್ನು ಹೊಸದುರ್ಗದ ಒಂದು ಹೋಟೆಲಿನವರು ಆಸೆಪಟ್ಟು ಕೇಳಿ ಒಯ್ದು, ಗಲ್ಲಾದ ಮೇಲೆ ನೇತುಹಾಕಿದರು. ಒಂದು ದಿನ ದೋಸೆ ತಿನ್ನುತ್ತಾ ನೋಡುತ್ತೇನೆ, ಮೋಡ ತಲೆಕೆಳಗಾಗಿದೆ! ಹೇಳಿದೆ. ಯಜಮಾನರು ತಕ್ಷಣ ಸ್ಟೂಲು ಹತ್ತಿ ತಿರುಗಿಸಿದರು. ಎರಡು ತಿಂಗಳು ಬಿಟ್ಟು ಹೋದರೆ ಮತ್ತೆ ತಲೆಕೆಳಗು.

"ಏನ್ರಿ ಇದು?"

"ಕುಂತ್ಕಳ್ರಿ, ಹೇಳ್ತೀನಿ. ನೀವು ಹೇಳಿದಂಗೆ ನೆಟ್ಟಗೆ ಹಾಕಿದ್ನಾ? ತಿನ್ನಾಕೆ ಬಂದೋರು ಅದನ್ನ ನೋಡಿ 'ಮಳೆ ಬರಂಗೈತೆ, ಹೋಗಾಣ' ಅಂತ ಚಾ ಕೂಡ ಕುಡೀದೆ ಎದ್ದು ಹೋಗೋರು!"

ಬಿಸ್ಕತ್ತಿನ ಡಬ್ಬಿ

ಇಷ್ಟೆಲ್ಲ ಮಾಡಿದವನ ಮನೆಯಲ್ಲಿ ಜೋಡಿ ಫೋಟೊ ಎಲ್ಲಿಂದ ಬರಬೇಕು? ಒಂಬತ್ತು ದಿನ ಹುಡುಕಿದೆ. ನೆಗೆಟಿವ್‌ಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಆಲ್ಬಮ್ಮುಗಳ ತುಂಬ ಮೋಡ. ಒಂದರ ಅಂಚಿನಲ್ಲಿ ಅವಳ ಕೊಡೆಯ ತುದಿ ಉಳಿದಿತ್ತು, ಇನ್ನೊಂದರಲ್ಲಿ ಮಲ್ಲಿಗೆ ಮುಡಿದ ನೆತ್ತಿ. ಅಷ್ಟೇ. ಮಗಳು ಜೀವನದಲ್ಲಿ ನನ್ನ ಕಸುಬಿಗೆ ಸಂಬಂಧಪಟ್ಟದ್ದನ್ನು ಕೇಳಿದ್ದು ಅದೊಂದೇ. ಗೋಡೆಯ ಮೇಲಿನ ಆ ಖಾಲಿ ಮೊಳೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಕೊನೆಗೆ ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಹೆಂಡತಿಯ ಮುಂದೆ ಕೂತು, "ನಿನ್ನ ಒಂದು ಫೋಟೊನೂ ಉಳಿಸ್ಲಿಲ್ಲ ಕಣೆ. ತಪ್ಪಾಯ್ತು" ಎಂದೆ.

ಅವಳು ಎದ್ದು ಹೋಗಿ ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ಒಳಗೆ ಪಟ್ಟಿಗಳು. ರೋಲಿನ ಕಾಲದಲ್ಲಿ ನಾನು ವರ್ಷಗಟ್ಟಲೆ ಕತ್ತರಿಸಿ ಎಸೆದ ಪಟ್ಟಿಗಳು.

"ಕಸ ಗುಡಿಸೋಳು ನಾನೇ ಅಲ್ವ? ನನ್ನ ಮಖ ನಾನೇ ಹೆಂಗೆ ಕಸಕ್ಕೆ ಹಾಕ್ಲಿ?"

ಒಂದೊಂದೇ ಎತ್ತಿ ನೋಡಿದೆ. ಎಲ್ಲದರಲ್ಲೂ ಅವಳಿದ್ದಳು, ಕೊಡೆ ಹಿಡಿದು, ಗಾಳಿಗೆ ಸೆರಗು ಬಿಗಿಹಿಡಿದು, ಮೋಡದ ಕಡೆಗಲ್ಲ, ನನ್ನ ಕಡೆಗೆ ನೋಡುತ್ತಾ. ಇಳಿಬಿಸಿಲು ನನ್ನ ಬೆನ್ನಿಗಿದ್ದುದರಿಂದ ಪ್ರತಿಯೊಂದರಲ್ಲೂ ನನ್ನ ನೆರಳು ಉದ್ದಕ್ಕೆ ಬೆಳೆದು ಅವಳ ಪಕ್ಕಕ್ಕೆ ಹೋಗಿತ್ತು. ಗುರುಗಳು ಕತ್ತರಿಸೆಂದ ನೆರಳು. ನಾವಿಬ್ಬರೂ ಒಟ್ಟಿಗೇ ಇದ್ದೆವು, ಒಂದೆರಡಲ್ಲ, ಡಬ್ಬಿ ತುಂಬ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಅವಳು ಕಣ್ಣೊರೆಸಿಕೊಂಡು, "ಮೋಡ ಒಂದು ತೆಗೆದು ಹಾಕಿದ್ರೆ ನಿಮ್ಮ ಫೋಟೊ ಎಷ್ಟು ಚೆಂದ ಬರ್ತಾವೆ ನೋಡ್ರಿ" ಎಂದಳು. ಆಮೇಲೆ ಒಂದನ್ನು ಆರಿಸಿ ಕೊಟ್ಟಳು. ಮಾರಿಕಣಿವೆಯದು. ನಾನು ಟ್ರೈಪಾಡಿಗೆ ಬಗ್ಗಿ "ಎಡಕ್ಕೆ ಹೋಗು" ಎಂದು ಕೈ ಬೀಸಿದ್ದೆನಲ್ಲ, ಆ ಕೈಯ ನೆರಳು ಹೋಗಿ ಸರಿಯಾಗಿ ಅವಳ ಪಾದದ ಮೇಲೆ ಬಿದ್ದಿತ್ತು. "ಇದನ್ನೇ ದೊಡ್ಡದು ಮಾಡಿಸ್ರಿ."

ಮಾಡಿಸಿದೆ. ಹಾಲಿನಲ್ಲಿ ಆ ಮೊಳೆಗೆ ಅದೇ ತೂಗಿತು. ಮಗಳು ನೋಡಿ ನಕ್ಕು ನಕ್ಕು ಅತ್ತಳು. ಊಟ ಮುಗಿಸಿ ಬಂದ ನೆಂಟರೆಲ್ಲ ಅದರ ಮುಂದೆ ನಿಂತರು. ಬಾಗೂರಿನಿಂದ ಬಂದಿದ್ದ ಹೆಂಡತಿಯ ಸೋದರತ್ತೆ ಕಣ್ಣು ಕಿರಿದು ಮಾಡಿ, "ಇದು ನಮ್ಮ ಹುಡುಗಿ, ಸರಿ. ಅಳಿಯಂದಿರು ಎಲ್ಲಿ?" ಎಂದರು.

"ಅಲ್ಲೇ ಅದಾರಲ್ಲ ಅತ್ತೆ, ನನ್ನ ಕಾಲ ಹತ್ರ" ಎಂದಳು ಹೆಂಡತಿ.

ಸೋದರತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಗ್ಗಿದ ನೆರಳು ನೋಡಿದರು, ಪಾದ ಹಿಡಿದ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೂವತ್ತು ವರ್ಷದ ಅನುಮಾನವೊಂದು ಬಗೆಹರಿದವರ ಹಾಗೆ ತಲೆ ಆಡಿಸಿದರು:

"ಮದುವೆ ಫೋಟೊದಾಗೂ ಹಿಂಗೇ ಕಾಲು ಹಿಡ್ಕಂಡಿದ್ರಿ ಅಂತ ಕಾಣ್ತೈತೆ. ಅದಕ್ಕೇ ಏನಪ್ಪ, ಇಲ್ಲೀತಂಕ ನಮಗ್ಯಾರಿಗೂ ತೋರಿಸ್ದೇ ಮುಚ್ಚಿಟ್ಟಿದ್ದು?"