ಹಸುವಿಲ್ಲದ ಬಟ್ಟಲು ಯಾವುದು?

ನಮ್ಮ ಮನೆಯವರಿಗೆಲ್ಲ ನನ್ನ ಮೇಲಿರುವ ದೂರು ಒಂದೇ: ನಾನು ಯಾವುದನ್ನೂ ಸುಮ್ಮನೆ ತಿನ್ನುವುದಿಲ್ಲ, ಪರೀಕ್ಷಿಸಿ ತಿನ್ನುತ್ತೇನೆ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದಿನವಿಡೀ ಒಂದು ಬಿಳಿಗೂ ಇನ್ನೊಂದು ಬಿಳಿಗೂ ಇರುವ ವ್ಯತ್ಯಾಸ ಹುಡುಕಿ ಸಂಬಳ ಪಡೆಯುವವನು, ಮನೆಗೆ ಬಂದ ತಕ್ಷಣ ಕಣ್ಣು ಮುಚ್ಚಿಕೊಂಡು ಉಣ್ಣಬೇಕೆಂದರೆ ಹೇಗೆ? (ಹಾಗೆ ಉಂಡಿದ್ದರೆ ಈ ಪುರಾಣವೇ ಹುಟ್ಟುತ್ತಿರಲಿಲ್ಲ ಎಂದು ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ. ಅವಳ ಮಾತನ್ನು ಆವರಣದೊಳಗೆ ಹಾಕಿದ್ದೇನೆ. ಕಾಗದದ ಮೇಲಷ್ಟೇ ನನಗೆ ಆ ಸಾಮರ್ಥ್ಯ.)

ವಿಷಯಕ್ಕೆ ಬರುತ್ತೇನೆ. ಕಾಲೇಜಿಗೆ ಹೋಗುವ ನಮ್ಮ ಮಗಳು ಪುಟ್ಟಿ ಒಂದು ಬೆಳಿಗ್ಗೆ ಹಾಲಿನ ಲೋಟವನ್ನು ಮೇಜಿನ ಆ ತುದಿಗೆ ತಳ್ಳಿ, "ಇನ್ಮೇಲೆ ಪ್ರಾಣಿಗಳಿಂದ ಬಂದಿದ್ದು ನಂಗೆ ಬೇಡ. ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಯಾವುದೂ ಬೇಡ" ಎಂದು ಘೋಷಿಸಿದಳು. ಜವಾಬ್ದಾರಿಯುತ ತಂದೆಯಾಗಿ ನಾನು, "ಹಾಗಾದ್ರೆ ಕ್ಯಾಲ್ಸಿಯಂ?" ಎಂದೆ. ಮಧ್ಯಾಹ್ನ "ಪ್ರೋಟೀನು?" ಎಂದೆ. ಮರುದಿನ ಇನ್ನೂ ಕೆಲವು ಜೀವಸತ್ವಗಳ ಯೋಗಕ್ಷೇಮ ವಿಚಾರಿಸಿದೆ. ಆಮೇಲೆ ಅವಳು ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉಣ್ಣತೊಡಗಿದಳು. ಊಟದ ಮೇಜಿನ ಅವಳ ಕುರ್ಚಿಯಲ್ಲಿ ಒಗೆದು ಮಡಿಚಿದ ಬಟ್ಟೆ ಬಂದು ಕೂತಿತು.

"ಟವೆಲಿನ ಮುಖ ನೋಡ್ಕೊಂಡು ಎಷ್ಟು ದಿನ ಕಣೋ ಊಟ ಮಾಡೋದು?" ಎಂದು ಅಮ್ಮ ಕೇಳಿದಳು. ಹೆಂಡತಿ ಟವೆಲಿನ ಮಡಿಕೆ ಸರಿಪಡಿಸಿ ನನಗೆ ಅನ್ನ ಬಡಿಸಿದಳು. ಅವಳು ನರ್ಸು. ನೋವು ಎಲ್ಲಿದೆ ಎಂದು ರೋಗಿಗೆ ಹೇಳಿಕೊಡುವ ಅಭ್ಯಾಸ ಅವಳಿಗಿಲ್ಲ.

ನಾನು ಯೋಚಿಸಿದೆ. ಮಗಳು ಮೇಜು ಬಿಟ್ಟಿದ್ದು ಹಾಲಿನಿಂದ. ಆದ್ದರಿಂದ ಹಾಲಿಲ್ಲದೆ ರುಚಿಯಾದ ಅಡುಗೆ ಮಾಡಿದರೆ ಮೇಜಿಗೆ ಮರಳುತ್ತಾಳೆ. ಇಷ್ಟು ಸರಳವಾದ ತರ್ಕ ಮನೆಯಲ್ಲಿ ಬೇರೆ ಯಾರಿಗೂ ಹೊಳೆಯದ್ದಕ್ಕೆ ಮರುಗುತ್ತಾ, ಸಸ್ಯಾಧಾರಿತ ಅಡುಗೆಯ ಹೊಸ ಪುಸ್ತಕವೊಂದನ್ನು ಕೊಂಡು ತಂದೆ. ಮುಖಪುಟದಲ್ಲಿ ಒಬ್ಬಾಕೆ ಎಲೆಕೋಸನ್ನು ಹಸುಗೂಸಿನಂತೆ ಎದೆಗಪ್ಪಿಕೊಂಡು ನಗುತ್ತಿದ್ದಳು. ಒಳಗೆ ಹಾಲಿಲ್ಲದ ಬೆಣ್ಣೆ, ಮೊಟ್ಟೆಯಿಲ್ಲದ ಆಮ್ಲೆಟ್, ಮೀನಿಲ್ಲದ ಮೀನು.

"ಮೀನಿಲ್ಲದ ಮೀನು ಅಂದ್ರೆ ಬರೀ ನೀರು ತಾನೇ?" ಎಂದಳು ಹೆಂಡತಿ.

"ತತ್ವ ಅರ್ಥ ಮಾಡ್ಕೋ."

"ರೀ, ತತ್ವ ಎಷ್ಟು ಹೊತ್ತು ಬೇಯಬೇಕಂತೆ?"

ಆರಂಭಿಕ ಪ್ರಯೋಗಗಳನ್ನು ವಿವರವಾಗಿ ಹೇಳುವುದಿಲ್ಲ. ಅಗಸೆ ಬೀಜವನ್ನು ಅರೆದು ನೀರಿಗೆ ಹಾಕಿದರೆ ಮೊಟ್ಟೆಯಾಗುತ್ತದೆ ಎಂದಿತ್ತು ಪುಸ್ತಕ. ಅಂಟಾಯಿತು. ಕಡಲೆ ಬೇಯಿಸಿದ ನೀರನ್ನು ಕಡೆದರೆ ಬಿಳಿ ನೊರೆಯ ಬೆಟ್ಟವೇಳುತ್ತದೆ ಎಂದಿತ್ತು. ಎದ್ದಿತು. ನಾನು ಕೂಗಿ ಮನೆಯವರನ್ನೆಲ್ಲ ಕರೆದೆ. ಅವರು ಬರುವಷ್ಟರಲ್ಲಿ ಬೆಟ್ಟ ಇಳಿದು, ಪಾತ್ರೆಯಲ್ಲಿ ಕಡಲೆ ಬೇಯಿಸಿದ ನೀರಿತ್ತು. "ಇದನ್ನ ನೋಡೋಕೆ ಕರೆದ್ಯಾ?" ಎಂದು ಅಮ್ಮ ಮರುಕದಿಂದ ಕೇಳಿದಳು. ಗೋಡಂಬಿಯ ಚೀಸು ಮಾತ್ರ ಚೆನ್ನಾಗಿ ಗಟ್ಟಿಯಾಯಿತು, ಎಷ್ಟೆಂದರೆ ಅಮ್ಮ ಅದನ್ನು ಕುಂಟುವ ಮೇಜಿನ ಕಾಲಿಗೆ ಒತ್ತುಕೊಡಲು ಒಯ್ದಳು.

ಕೊನೆಗೆ ನನ್ನ ಕೈಗೆ ಒಗ್ಗುವ ಪಾಕವೊಂದು ಸಿಕ್ಕಿತು: ಬಿಳಿ ಸಾಸಿನಲ್ಲಿ ಬೆಂದ ಅಣಬೆ. ಹಿಟ್ಟು, ಎಣ್ಣೆ, ಮೆಣಸು, ಹಸುವಿನ ಹಾಲಿನ ಜಾಗದಲ್ಲಿ ಸೋಯಾ ಹಾಲು. ಬಿಳಿ ಎಂದರೆ ನನ್ನ ಕ್ಷೇತ್ರ.

"ಸೋಯಾ ಹಾಲಲ್ಲಿ ಮಾಡಿದ್ರೆ ಬಾಯಿಗಿಡೋಕಾಗಲ್ಲ" ಎಂದಳು ಅಮ್ಮ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಸುಮ್ನೆ ಹೇಳಿದ್ದಾರಾ?"

ಇದು ನನ್ನ ವೃತ್ತಿಗೇ ಎಸೆದ ಸವಾಲು. ಯಾವುದು ಏನೆಂದು ತಿಳಿಯದೆ ರುಚಿ ನೋಡುವ ಕುರುಡು ಪರೀಕ್ಷೆ ಮಾಡೋಣ ಎಂದೆ. ಭಾನುವಾರ ಎರಡು ಬಟ್ಟಲು: ಒಂದರಲ್ಲಿ ಹಸು, ಒಂದರಲ್ಲಿ ಸೋಯಾ. ಅಮ್ಮನೂ ನಾನೂ ಎರಡನ್ನೂ ರುಚಿ ನೋಡಿ ತೀರ್ಪು ಕೊಡುವುದು. ಬಳಿಕ ಹೆಂಡತಿ ಗುಟ್ಟು ಬಿಚ್ಚುವುದು. ಸೋಯಾ ಬಟ್ಟಲು ಪುಟ್ಟಿಗೆ. ನಾನು ಅವಳ ಬಾಗಿಲು ತಟ್ಟಿ ಆಹ್ವಾನವಿತ್ತೆ. ಬಾಗಿಲು ಒಂದು ಗೇಣು ತೆರೆಯಿತು.

"ಬರ್ತೀನಿ. ಆದ್ರೆ ನಾನು ತಿನ್ನೋದ್ರಲ್ಲಿ ಒಂದು ತೊಟ್ಟು ಹಾಲೂ ಇರ್ಬಾರ್ದು. ಮಾತು ಕೊಡ್ತೀರಾ ಅಪ್ಪಾ?"

"ವಿಜ್ಞಾನದ ಮೇಲಾಣೆ" ಎಂದೆ.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಪಾಳಿ ಇತ್ತು. ಹೊರಡುವ ಮುನ್ನ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡು ಸ್ಟೀಲ್ ಜಗ್ಗುಗಳನ್ನು ತುಂಬಿ, ಒಂದರ ಹಿಡಿಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟಿಟ್ಟಳು.

"ಯಾವುದ್ರಲ್ಲಿ ಏನಿದೆ ಅಂತ ನಂಗೆ ಮಾತ್ರ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಕೇಳಿದ್ರೂ ಹೇಳಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಎರಡು ಬಾಣಲೆ, ಎರಡು ಸೌಟು, ಸಮನಾದ ಉರಿ. ಬಾಣಲೆಗಳಿಂದ ಎರಡು ಸ್ಟೀಲ್ ಪಾತ್ರೆಗಳಿಗೆ ಸುರಿದು, ಆಯಾ ದಾರವನ್ನು ಆಯಾ ಪಾತ್ರೆಗೆ ಕಟ್ಟಿ, ಬೆವರು ಒರೆಸಿಕೊಳ್ಳಲು ಹಿತ್ತಲಿಗೆ ಹೋದೆ. ಇಂಥ ಅಚ್ಚುಕಟ್ಟಾದ ಪರೀಕ್ಷೆಯನ್ನು ನಮ್ಮ ಕಾರ್ಖಾನೆಯಲ್ಲೂ ಯಾರೂ ನಡೆಸಿಲ್ಲ ಎಂಬ ಹೆಮ್ಮೆಯಿಂದ ತಿರುಗಿ ಬಂದರೆ, ಮೇಜಿನ ಮೇಲೆ ಹೂವಿನ ಚಿತ್ತಾರದ ಎರಡು ಪಿಂಗಾಣಿ ಬಟ್ಟಲುಗಳು ಅವಳಿ ಮಕ್ಕಳಂತೆ ಕೂತಿದ್ದವು. ಸ್ಟೀಲ್ ಪಾತ್ರೆಗಳು ತೊಳೆಸಿಕೊಂಡು ಕವುಚಿ ಬಿದ್ದಿದ್ದವು.

"ಮಗು ಎಷ್ಟೋ ದಿನದ ಮೇಲೆ ಮೇಜಿಗೆ ಬರ್ತಿದೆ. ಆ ಸೊಟ್ಟ ಪಾತ್ರೆಲಿ ಬಡಿಸ್ತೀಯಾ?" ಎಂದಳು ಅಮ್ಮ.

"ದಾರ ಎಲ್ಲಮ್ಮಾ?"

"ಯಾವ ದಾರ? ಊಟದ ಪಾತ್ರೆಗೆ ಯಾರೋ ಕೊಳಕು ದಾರ ಸುತ್ತಿದ್ರು, ತೆಗೆದು ಬಿಸಾಕ್ದೆ."

"ಯಾವುದು ಯಾವುದಕ್ಕೆ ಸುರಿದೆ?"

"ಒಂದನ್ನ ಇದಕ್ಕೆ, ಇನ್ನೊಂದನ್ನ ಅದಕ್ಕೆ." ಅಮ್ಮನ ಉತ್ತರದಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ.

ಅದೇ ಹೊತ್ತಿಗೆ ಪುಟ್ಟಿ ಬಂದಳು. ಟವೆಲುಗಳನ್ನು ಎತ್ತಿ ಬದಿಗಿಟ್ಟು ತನ್ನ ಕುರ್ಚಿಯಲ್ಲಿ ಕೂತಳು. ಚಮಚ ಕೈಗೆತ್ತಿಕೊಂಡು, "ಘಮ ಚೆನ್ನಾಗಿದೆ. ನನ್ನದ್ಯಾವುದಪ್ಪಾ?" ಎಂದಳು.

ನಾನು ಒಂದು ಬಟ್ಟಲನ್ನು ನೋಡಿದೆ. ಇನ್ನೊಂದನ್ನು ನೋಡಿದೆ. ಬಿಳಿಗಳಲ್ಲಿ ಭೇದ ಕಾಣುವ ಕಣ್ಣಿಗೆ ಎರಡರಲ್ಲೂ ಅಣಬೆಯ ಬೂದು ಮಾತ್ರ ಕಂಡಿತು. ಹೆಂಡತಿಗೆ ಫೋನು ಮಾಡಿದೆ. ವಾರ್ಡಿನಲ್ಲಿದ್ದಾಗ ಅವಳ ಫೋನು ಬೀರುವಿನಲ್ಲಿರುತ್ತದೆ. ಅವಳು ಎತ್ತಿದ್ದರೂ ಏನು ಬಂತು? ಅವಳಿಗೆ ಗೊತ್ತಿದ್ದದ್ದು ದಾರದ ಬಣ್ಣ. ದಾರ ಕಸದ ಬುಟ್ಟಿಯಲ್ಲಿತ್ತು.

"ಒಂದು ನಿಮಿಷ ಪುಟ್ಟಿ, ಸಣ್ಣ ಪರಿಶೀಲನೆ" ಎಂದೆ.

ಎರಡರಿಂದಲೂ ಒಂದೊಂದು ಚಮಚ ತೆಗೆದು ನೀರಿನಲ್ಲಿ ಕದಡಿ, ಬಿಸಿ ಮಾಡಿ ನಿಂಬೆರಸ ಹಿಂಡಿದೆ. ಹಸುವಿನ ಹಾಲು ಒಡೆಯಬೇಕು. ಒಡೆಯಿತು, ಎರಡೂ! ಸೋಯಾ ಹಾಲೂ ಒಡೆಯುತ್ತದೆಂದು ಆಗ ನೆನಪಾಯಿತು. ಹೆಂಡತಿಯ ಔಷಧದ ಪೆಟ್ಟಿಗೆಯಿಂದ ಅಯೋಡಿನ್ ತಂದು ತೊಟ್ಟಿಕ್ಕಿದೆ. ಎರಡೂ ಕಡುನೀಲಿ. ಹಿಟ್ಟು ಎರಡರಲ್ಲೂ ಇತ್ತಲ್ಲ! ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ ಈ ಕಾಲದಲ್ಲಿ ಎಲ್ಲಿ ಸಿಗಬೇಕು? ಸಿಕ್ಕಿದ್ದು ಪಕ್ಕದ ಮನೆಯ ಬೆಕ್ಕು. ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೇ ಹೆಸರಾದ ಪ್ರಾಣಿ ಕಣ್ಣು ಬಿಟ್ಟುಕೊಂಡು ಎರಡನ್ನೂ ಮೂಸಿ, ನನ್ನನ್ನೂ ಒಮ್ಮೆ ಮೂಸಿ, ಬಿಸಿಲಿಗೆ ಹೋಗಿ ಮುಖ ತೊಳೆಯುತ್ತಾ ಕೂತಿತು.

"ಏನಂತೆ ಬೆಕ್ಕಿನ ಅಭಿಪ್ರಾಯ?" ಎಂದಳು ಪುಟ್ಟಿ.

"ಅಸ್ಪಷ್ಟ" ಎಂದೆ.

ಉಳಿದದ್ದು ನಾಲಗೆ. ಎರಡನ್ನೂ ನಾಲಗೆಯ ಮೇಲೆ ಹೊರಳಾಡಿಸಿ, ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದೆ: "ಎಡಗಡೆಯದ್ರಲ್ಲಿ ಹಸು ಸ್ಪಷ್ಟವಾಗಿದೆ. ಹಿನ್ನೆಲೆಯಲ್ಲಿ ಹುಲ್ಲಿನ ಪರಿಮಳ ಕೂಡ."

"ನಿನ್ನ ತಲೆ!" ಎಂದಳು ಅಮ್ಮ. "ಬಲಗಡೆಯದ್ರಲ್ಲೇ ಕೆನೆ ಇರೋದು. ನಿಂಗೆ ಹಾಲು ಕುಡಿಸಿ ಬೆಳೆಸಿದೋಳು ನಾನು. ನಂಗೆ ಗೊತ್ತಿಲ್ವಾ?"

"ಅಮ್ಮಾ, ನಾನು ಇದನ್ನೇ ಓದಿದೋನು!"

"ನಾನು ನಿನ್ನನ್ನೇ ಹೆತ್ತೋಳು!"

ಪುಟ್ಟಿ ಚಮಚವನ್ನು ಕೆಳಗಿಟ್ಟಳು. "ಅಪ್ಪಾ, ನಿಜ ಹೇಳಿ. ನನ್ನದ್ಯಾವುದು?"

ಒಪ್ಪಿಕೊಳ್ಳುತ್ತೇನೆ, ನನ್ನ ಬೆರಳು ಬಲಗಡೆಯ ಬಟ್ಟಲಿನತ್ತ ಅರ್ಧ ಎದ್ದಿತ್ತು. "ಇದೇ" ಎಂದರೆ ಅವಳು ನಂಬುತ್ತಿದ್ದಳು, ಉಣ್ಣುತ್ತಿದ್ದಳು, ಭಾನುವಾರ ಉಳಿಯುತ್ತಿತ್ತು. ಸರಿಯಾಗಿರುವ ಸಂಭವ ಅರ್ಧಕ್ಕರ್ಧ. ಆದರೆ ಅಪ್ಪನ ಮಾತನ್ನೇ ನಂಬಿ ಚಮಚ ಎತ್ತಲು ಹೊರಟವಳ ಮುಂದೆ ಅರ್ಧಕ್ಕರ್ಧ ಸತ್ಯ ಇಡುವುದು ನನ್ನಿಂದಾಗಲಿಲ್ಲ. ಬೆರಳನ್ನು ಮಡಿಚಿದೆ.

"ಗೊತ್ತಿಲ್ಲ ಪುಟ್ಟಿ. ನಂಗೆ ನಿಜವಾಗ್ಲೂ ಗೊತ್ತಿಲ್ಲ. ನೀನು ಇದನ್ನ ತಿನ್ನಬೇಡ."

ಅವಳು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದಾಗಲೇ ಹೆಂಡತಿ ಒಳಗೆ ಬಂದಳು. ಕೈಚೀಲ ಇಳಿಸುವಷ್ಟರಲ್ಲಿ ನಾನು ದಾರ, ಪಿಂಗಾಣಿ, ನಿಂಬೆ, ಅಯೋಡಿನ್, ಬೆಕ್ಕು ಎಲ್ಲವನ್ನೂ ವರದಿ ಮಾಡಿ, "ಇನ್ನು ನೀನು ಗುಟ್ಟು ಬಿಚ್ಚಿದ್ರೂ ಪ್ರಯೋಜನ ಇಲ್ಲ" ಎಂದು ಮುಗಿಸಿದೆ.

ಅವಳು ಕೈ ತೊಳೆದುಕೊಂಡು ಬಂದು ಕೂತು, ಎರಡೂ ಬಟ್ಟಲುಗಳನ್ನು ಪುಟ್ಟಿಯ ಮುಂದೆ ತಳ್ಳಿದಳು. "ತಿನ್ನು ಮರಿ. ಎರಡ್ರಲ್ಲೂ ಸೋಯಾನೇ ಇರೋದು."

"ಎರಡರಲ್ಲೂನಾ? ಮತ್ತೆ ಹಸು?"

"ರೀ, ಮಗು ಇಷ್ಟು ದಿನ ಆದ್ಮೇಲೆ ಮೇಜಿಗೆ ಬರ್ತೀನಿ ಅಂದಿದೆ. ನಿಮ್ಮ ಕೈಗೆ ಹಾಲು ಕೊಟ್ಟು ಪಾಳಿಗೆ ಹೋಗೋಕೆ ನಂಗೇನು ತಲೆ ಕೆಟ್ಟಿದ್ಯಾ? ಹಾಲಿನ ಪ್ಯಾಕೆಟ್ಟು ಒಡೆದೇ ಇಲ್ಲ, ಫ್ರಿಜ್ಜಲ್ಲಿದೆ ನೋಡಿ."

ಪುಟ್ಟಿ ನನ್ನನ್ನೇ ನೋಡಿದಳು. "ನಿಂಬೆ ಎರಡೂ ಒಂದೇ ಅಂತು. ಅಯೋಡಿನ್ ಎರಡೂ ಒಂದೇ ಅಂತು. ಬೆಕ್ಕೂ ಅದನ್ನೇ ಹೇಳ್ತು. ಎರಡೂ ಒಂದೇ ಇರ್ಬಹುದು ಅಂತ ನಿಮ್ಗೆ ಅನ್ನಿಸ್ಲೇ ಇಲ್ವಾ ಅಪ್ಪಾ?"

"ಪರೀಕ್ಷೆಗಳು ವಿಫಲವಾದವು ಅಂದ್ಕೊಂಡೆ."

"ಹುಲ್ಲಿನ ಪರಿಮಳ?"

ನಾನು ಅಯೋಡಿನ್ ಬಾಟಲಿಯ ಮುಚ್ಚಳ ಬಿಗಿಮಾಡತೊಡಗಿದೆ. ಅಮ್ಮನೂ ತನ್ನ ಕೆನೆಯ ವಿಷಯ ಎತ್ತದೆ ಜಾಣತನದಿಂದ ನೀರು ಕುಡಿಯುತ್ತಿದ್ದಳು.

ಪುಟ್ಟಿ ನಗುತ್ತಾ ಬಡಿಸಿಕೊಂಡಳು. ಅವಳು ಕೂತಳಲ್ಲ ಎಂಬ ಸಂತೋಷದಲ್ಲಿ ನನಗೆ ಮತ್ತೆ ಕೊಂಬು ಮೂಡಿತು. "ಏನೇ ಆಗ್ಲಿ, ಹಾಲಿಲ್ಲದ ಅಡುಗೆ ನಿನ್ನನ್ನ ಮೇಜಿಗೆ ಕರ್ಕೊಂಡು ಬಂತಲ್ಲ" ಎಂದೆ.

"ಅಪ್ಪಾ, ನಾನು ಎದ್ದು ಹೋಗಿದ್ದು ಅಡುಗೆಗಲ್ಲ. ಅಮ್ಮ ಮಾಡೋ ಹುರುಳಿಕಾಯಿಲಿ ಯಾವತ್ತು ಹಾಲಿತ್ತು? ರೂಮಲ್ಲಿ ಕೂತು ಅದನ್ನೇ ತಿಂತಿದ್ದೆ."

"ಮತ್ತೆ?"

"ತುತ್ತಿಗೊಂದು ಪ್ರಶ್ನೆ ಕೇಳ್ತಿದ್ರಿ. ಊಟಕ್ಕೆ ಕೂತಿದ್ದೀನೋ, ಪರೀಕ್ಷೆಗೆ ಕೂತಿದ್ದೀನೋ ಗೊತ್ತಾಗ್ತಿರ್ಲಿಲ್ಲ. ಇವತ್ತು ಮೊದಲನೇ ಸಲ 'ಗೊತ್ತಿಲ್ಲ' ಅಂದ್ರಿ. ಚೆನ್ನಾಗಿತ್ತು."

"ಸಾಸು?"

"ಆ ಮಾತು."

ನಾನು ತಲೆ ತಗ್ಗಿಸಿ ಉಣ್ಣತೊಡಗಿದೆ. ಕಬ್ಬಿಣದ ಅಂಶದ ಬಗ್ಗೆ ಒಂದೇ ಒಂದು ಸಣ್ಣ ಪ್ರಶ್ನೆ ಗಂಟಲಿನವರೆಗೆ ಬಂತು. ಬಾಯಿ ತೆರೆದೆ. ಮೇಜಿನ ಕೆಳಗೆ ಹೆಂಡತಿ ನನ್ನ ಕಾಲು ತುಳಿದಳು.

"ಏನೋ ಕೇಳೋಕೆ ಹೊರಟ್ರಿ?" ಎಂದಳು ಪುಟ್ಟಿ, ಚಮಚ ಅರ್ಧದಲ್ಲೇ ನಿಲ್ಲಿಸಿ.

"ಏನಿಲ್ಲ. ಉಪ್ಪು ಸರಿ ಇದ್ಯಾ ಅಂತ."

"ಉಪ್ಪೇ ಇಲ್ಲ!" ಎಂದರು ಮೂವರೂ ಒಟ್ಟಿಗೆ.

ಹಸುವನ್ನು ಹುಡುಕುವ ಭರದಲ್ಲಿ ಉಪ್ಪನ್ನು ಯಾರೂ ಹುಡುಕಿರಲಿಲ್ಲ. ಮೂವರೂ ಒಂದೇ ಫಲಿತಾಂಶ ಕೊಟ್ಟಿದ್ದರಿಂದ ಮರುಪರೀಕ್ಷೆಗೆ ಇಳಿಯದೆ, ಎದ್ದು ಹೋಗಿ ಡಬ್ಬಿ ತಂದೆ.